ಕಟ್ಟೆಯ ಮೇಲೆ ಕೂತ ಸೀಸೆ

ಚಟ್ಟಕ್ಕೆಂದು ತಂದ ಬಿದಿರುಗಳನ್ನು ಹೆಗಲಿನಿಂದ ಇಳಿಸಿ ಇನ್ನೇನು ಕಟ್ಟೆಗೆ ಒರಗಿಸಬೇಕು, ಅಷ್ಟರಲ್ಲಿ ಒಳಗಿನಿಂದ ಜಿನಮತಿಯ ದನಿ ಬಂತು.

“ಅಲ್ಲಿ ಬ್ಯಾಡ್ರಿ. ಶೀಸೆ ಅಲಗಾಡತೈತಿ.”

ಬಿದಿರು ಹಿಡಿದವರು ಹಾಗೆಯೇ ನಿಂತರು. ಗಂಡ ತೀರಿಕೊಂಡ ಮೇಲೆ ಆಕೆ ಆಡಿದ ಮೊದಲ ಮಾತು ಅದು. ಸುತ್ತ ಕೂತು ಣಮೋಕಾರ ಮಂತ್ರ ಹೇಳುತ್ತಿದ್ದ ಹೆಂಗಸರು ಆಕೆ ಒಮ್ಮೆ ಅತ್ತಾದರೂ ಹಗುರಾಗಲಿ ಎಂದು ಬೆಳಗಿನಿಂದ ಕಾಯುತ್ತಿದ್ದರು. ಆಕೆಯ ಬಾಯಿಂದ ಹೊರಟದ್ದು ಸೀಸೆಯ ಮಾತು.

ಕಟ್ಟೆಯ ತುದಿಯಲ್ಲಿ, ಮೆಟ್ಟಿಲಿನ ಪಕ್ಕಕ್ಕೆ, ಬಿಳಿ ಗಾಜಿನ ಒಂದು ಸೀಸೆ ಇತ್ತು. ಅದರ ಕುತ್ತಿಗೆಗೆ ಕರಿಯ ದಾರ ಕಟ್ಟಿತ್ತು. ಒಳಗೆ ಕಡುಗೆಂಪು ನೀರು. ಅದು ಎಮ್ಮೆಯ ಮೂತ್ರ ಎಂದು ಸದಲಗಾದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಮನೆಯ ಕಟ್ಟೆಯ ಮೇಲೆ ಅಂಥ ಸೀಸೆ ಇಲ್ಲದ ದಿನಗಳೇ ಕಡಿಮೆ.

ದನದ ಡಾಕ್ಟರು ತಾತ್ಯಾಸಾಹೇಬ ಚೌಗಲಾ ಅಂದು ನಸುಕಿನಲ್ಲಿ ತೀರಿಕೊಂಡಿದ್ದರು. ಸರಕಾರಿ ದವಾಖಾನೆಯಿಂದ ಅವರು ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದವು. ಆದರೆ ನಿವೃತ್ತಿ ಎಂಬುದು ದನಗಳಿಗೆ ತಿಳಿಯುವುದಿಲ್ಲವಾದ್ದರಿಂದ ಅವರ ಕೆಲಸವೇನೂ ನಿಂತಿರಲಿಲ್ಲ. ಕೊನೆಗೆ ಅವರ ಕಿಡ್ನಿಯೇ ಕೈಕೊಟ್ಟಿತ್ತು. ಮಿರಜದ ಆಸ್ಪತ್ರೆಯಿಂದ ಅವರನ್ನು ಮನೆಗೆ ಕರೆತಂದ ದಿನವೇ ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು.

ಓಡಾಟವನ್ನೆಲ್ಲ ಮೈಮೇಲೆ ಹಾಕಿಕೊಂಡಿದ್ದವನು ಜಿನಮತಿಯ ಅಣ್ಣ ಬಾಳಾಸಾಬ. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡಿ ಮುದುಕನಾದವನು. ಗದರುವ ದನಿ, ಮೆತ್ತನೆಯ ಕರುಳು. ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದಾಗಿನಿಂದ ಆ ಸೀಸೆಯ ಮೇಲೆ ಅವನ ಕಣ್ಣಿತ್ತು. ಅದನ್ನು ತಾನಾಗಿ ಮುಟ್ಟುವಂತಿಲ್ಲ, ಅಲ್ಲಿ ಇರಗೊಡಲೂ ಮನಸ್ಸಿಲ್ಲ.

“ಯಾರರೆ ಅದನ್ನ ಎತ್ತಿ ಗಟಾರಕ್ಕ ಚೆಲ್ಲರೆಪಾ,” ಎಂದ. “ಹೆಣಾ ಇಟ್ಟ ಮನಿ ಇದು.”

ಜಿನಮತಿ ಎದ್ದು ಬಾಗಿಲಿಗೆ ಬಂದಳು. ಎದುರು ಬೇವಿನ ಮರದ ಕೆಳಗೆ ಸೆರಗು ಹೊದ್ದು ಮುದ್ದೆಯಾಗಿ ಕೂತಿದ್ದ ಹೆಂಗಸನ್ನು ನೋಡಿದಳು. ಬೋರಗಾಂವ ಕಡೆಯ ತೋಟದ ವಸ್ತಿಯ ಸೋನಾಬಾಯಿ. ಗಂಡ ಹೆಂಡತಿ ಇಬ್ಬರೂ ಕಬ್ಬು ಕಡಿಯುವವರು. ಇದ್ದದ್ದು ಒಂದೇ ಎಮ್ಮೆ, ಅದರ ಹಾಲಿನ ಮೇಲೆಯೇ ಮನೆ ನಡೆಯುತ್ತಿತ್ತು. ಈದು ಹೆಚ್ಚು ದಿನವಾಗಿರಲಿಲ್ಲ, ನಿನ್ನೆಯಿಂದ ಕೆಂಪಗೆ ಉಚ್ಚೆ ಹೊಯ್ಯುತ್ತಿತ್ತು. ಡಾಕ್ಟರು ಊರಿಗೆ ಬಂದಿದ್ದಾರೆ ಎಂದಷ್ಟೇ ಕೇಳಿದ್ದ ಸೋನಾಬಾಯಿ ಇನ್ನೂ ಮಬ್ಬು ಇರುವಾಗಲೇ ಸೀಸೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಡೆದು ಬಂದಿದ್ದಳು. ರೂಢಿಯಂತೆ ಕಟ್ಟೆಯ ಮೇಲೆ ಇಟ್ಟು, ಮೊಳೆಗೆ ತೂಗಿದ್ದ ಉಂಡೆಯಿಂದ ಕರಿದಾರ ಹರಿದು ಕಟ್ಟಿದ್ದಳು. ಆಮೇಲೆ ಬಾಗಿಲು ತೆರೆಯಿತು. ಒಳಗಿನಿಂದ ನೆರೆಯ ಹೆಂಗಸರ ಅಳು ಕೇಳಿಸಿತು.

ಸತ್ತ ಮನೆಯ ಮುಂದೆ ಎಮ್ಮೆಯ ಮಾತು ಹೇಗೆ ಎತ್ತುವುದು? ಸೀಸೆ ತೆಗೆದುಕೊಂಡು ಹೋಗಲಿಕ್ಕೂ ಧೈರ್ಯ ಸಾಲದು. ಎಮ್ಮೆಯ ಕಣ್ಣಿನ ಕೆಂಪೆಲ್ಲ ಇಳಿದು ಬಿಳುಪೇರಿತ್ತು. ಇವತ್ತು ಔಷಧ ಬೀಳದಿದ್ದರೆ ನಾಳೆ ಅದು ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಅಲ್ಲೇ ಮರದ ಕೆಳಗೆ ಕೂತುಬಿಟ್ಟಿದ್ದಳು.

“ಅಣ್ಣಾ, ಅದು ಕೂಡಾಕತ್ತೈತಿ,” ಎಂದಳು ಜಿನಮತಿ. “ಕೂಡ್ಲಿ. ಯಾರೂ ಮುಟ್ಟಬ್ಯಾಡ್ರಿ.”

*

ಹಾಗೆ ನೋಡಿದರೆ ಆ ಸೀಸೆಗಳ ಮೇಲೆ ಜಿನಮತಿಗೆ ಇದ್ದಷ್ಟು ಸಿಟ್ಟು ಊರಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಮಡಿಯ ಮನೆತನದಿಂದ ಬಂದವಳು. ನೀರು ಸೋಸದೆ ಕುಡಿದವಳಲ್ಲ. ಸಂಸಾರ ಹೂಡಿದ ಮನೆಯ ಮುಂದೆ ಬೆಳಗೆದ್ದು ರಂಗೋಲಿ ಹಾಕಲು ಹೋದರೆ ಕಟ್ಟೆಯ ಮೇಲೆ ಯಾರದೋ ಎತ್ತಿನ ಮೂತ್ರ. ದವಾಖಾನೆ ಇಲ್ಲವೇ, ಅಲ್ಲಿ ಇಟ್ಟುಕೊಳ್ಳಿ ಎಂದು ಎಷ್ಟೋ ಸಲ ಜಗಳ ತೆಗೆದಿದ್ದಳು. ದವಾಖಾನೆಯ ಮೇಜು ಕುಂಟುತ್ತದೆ, ಅದರ ಮೇಲೆ ಸೀಸೆ ನೆಟ್ಟಗೆ ಕೂಡುವುದಿಲ್ಲ ಎಂದು ತಾತ್ಯಾಸಾಹೇಬರು ಪ್ರತಿ ಸಲವೂ ಅದೇ ನೆಪ ಹೇಳುತ್ತಿದ್ದರು.

ಅವರಿಗೆ ಸೀಸೆ ಕೂಡುವುದು, ಎಂದರೆ ಒಳಗಿನದು ಅಲುಗದೆ ನೆಲೆ ನಿಲ್ಲುವುದು, ಮುಖ್ಯ. ಕೆಂಪು ಮೂತ್ರ ಕಂಡೊಡನೆ ಎಲ್ಲರೂ ಕಿಡ್ನಿ ಹೋಯಿತು ಎನ್ನುತ್ತಾರೆ. ಅಷ್ಟು ಬೇಗ ಕಿಡ್ನಿಯ ಮೇಲೆ ತಪ್ಪು ಹೊರಿಸಬಾರದು ಎನ್ನುತ್ತಿದ್ದರು ಅವರು. ಸೀಸೆಯನ್ನು ಅಲುಗಿಸದೆ ಬಿಟ್ಟು ನೋಡಬೇಕು. ಕೆಂಪು ಮೆಲ್ಲಗೆ ತಳಕ್ಕೆ ಇಳಿದು ಮೇಲೆ ತಿಳಿಯಾದರೆ ಅದು ರಕ್ತ, ಕಿಡ್ನಿಯಲ್ಲೋ ಮೂತ್ರದ ಚೀಲದಲ್ಲೋ ಗಾಯವಿದೆ. ಎಷ್ಟು ಹೊತ್ತು ಬಿಟ್ಟರೂ ಇಳಿಯದೆ ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ ಇದ್ದರೆ ಕಿಡ್ನಿಯ ತಪ್ಪಿಲ್ಲ. ರಕ್ತವೇ ಮೈಯೊಳಗೆ ಒಡೆದು ನೀರಾಗಿದೆ, ಕಿಡ್ನಿ ಪಾಪ ಬಂದದ್ದನ್ನು ಸೋಸಿ ಹೊರಗೆ ಹಾಕುತ್ತಿದೆ. ಈದ ಎಮ್ಮೆಗೆ ಬರೀ ಕಬ್ಬಿನ ಸೋಗೆ ತಿನ್ನಿಸುವ ಈ ಸೀಮೆಯಲ್ಲಿ, ಮೈಗೆ ರಂಜಕ ಸಾಲದೆ, ಎರಡನೆಯದೇ ಹೆಚ್ಚು. ಎರಡಕ್ಕೂ ಔಷಧ ಬೇರೆ ಬೇರೆ.

ಸೀಸೆ ಕೂಡುವವರೆಗೆ ದನದ ಯಜಮಾನನೂ ಕೂಡಬೇಕಿತ್ತು. ಯಾವ ಕೇರಿಯವನೇ ಇರಲಿ, ಕೆಳಗೆ ನಿಲ್ಲಗೊಡುತ್ತಿರಲಿಲ್ಲ, ಕಟ್ಟೆಯ ಮೇಲೆ ತಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ಏನು ತಿನ್ನಿಸುತ್ತೀ, ಎಷ್ಟು ನೀರು ಕುಡಿಯುತ್ತದೆ, ಹೊಯ್ಯುವಾಗ ಬೆನ್ನು ಬಾಗಿಸುತ್ತದೆಯೇ, ಹೊಯ್ದ ಮೇಲೂ ಬಾಲ ಎತ್ತಿಕೊಂಡೇ ನಿಲ್ಲುತ್ತದೆಯೇ ಎಂದು ಒಂದೊಂದಾಗಿ ಕೇಳುವರು. ನಡುವೆ ಮಗಳ ಮದುವೆ, ಅತ್ತೆಯ ಮಂಡಿನೋವು ಎಲ್ಲ ಬಂದು ಹೋಗುವವು. ಮೂತ್ರ ಹಿಡಿಯುವುದನ್ನೂ ಅವರೇ ಕಲಿಸಿದ್ದರು. ಬಾಲದ ಕೆಳಗೆ ಬೆರಳಿನಿಂದ ಮೆಲ್ಲಗೆ ಸವರುತ್ತಿರಬೇಕು, ಹೊಯ್ಯತೊಡಗಿದಾಗ ಮೊದಲಿನ ಧಾರೆ ಬಿಟ್ಟು ನಡುವಿನದನ್ನು ಹಿಡಿಯಬೇಕು. ಹೆಂಗಸರ ಕೈಗೆ ಎಮ್ಮೆ ಬೇಗ ಒಲಿಯುತ್ತದೆ ಎಂದು ಅವರ ನಂಬಿಕೆ.

ಇಸವಿ ಎಂಬತ್ಮೂರರ ಬೇಸಿಗೆಯಲ್ಲಿ ಬಾಳಾಸಾಬ ತಂಗಿಯನ್ನು ನೋಡಲು ನಿಪ್ಪಾಣಿಯಿಂದ ಬಂದ. ಬಸ್ಸಿನ ಧೂಳು, ಬಿಸಿಲು, ಗಂಟಲು ಒಣಗಿತ್ತು. ಜಿನಮತಿ ಕೆಂಪನೆಯ ಆಮಸೂಲ ಸರಬತ್ತನ್ನು ಸೀಸೆಗೆ ಹಾಕಿ ಕಟ್ಟೆಯ ನೆರಳಿನಲ್ಲಿ ತಣ್ಣಗೆ ಇಡುವುದು ಅವನಿಗೆ ಗೊತ್ತಿತ್ತು. ಅಂದೂ ಒಂದು ಸೀಸೆ ಇತ್ತು. ಕೆಂಪಗಿತ್ತು. ಎತ್ತಿದ, ಬಾಯಿಗೆ ಹಚ್ಚಿದ.

ತಾತ್ಯಾಸಾಹೇಬರು ಒಳಗಿನಿಂದ ಓಡಿ ಬಂದು ಹೇಳಿದ ಮಾತನ್ನು ಬಾಳಾಸಾಬ ಜನ್ಮದಲ್ಲಿ ಮರೆಯಲಿಲ್ಲ.

“ಅಲಗಾಡಸಬ್ಯಾಡ್ರಿ, ಅದಿನ್ನೂ ಕುಂತಿಲ್ಲ.”

ಒಂದು ಗುಟುಕೂ ಒಳಗೆ ಹೋಗಿಲ್ಲ ಎಂದು ಬಾಳಾಸಾಬನ ವಾದ. ಒಂದೂವರೆ ಗುಟುಕು ಎಂದು ತಾತ್ಯಾಸಾಹೇಬರ ಅಂದಾಜು, ಯಾಕೆಂದರೆ ಸೀಸೆ ಅಷ್ಟು ಇಳಿದಿತ್ತು. ಬಾಳಾಸಾಬ ಅಂದೇ ಬಸದಿಗೆ ಹೋಗಿ ಪ್ರಾಯಶ್ಚಿತ್ತಕ್ಕೆ ಉಪವಾಸ ಹಿಡಿದ. ಜಿನಮತಿ ಅತ್ತು ಕರೆದು ರಂಪ ಮಾಡಿ ಮರುದಿನ ಬಾಗಿಲಿನ ಪಕ್ಕ ಮೊಳೆ ಹೊಡೆಸಿ ಕರಿದಾರದ ಉಂಡೆ ತೂಗುಹಾಕಿದಳು. ದನದ ಸೀಸೆ ತಂದವರು ತಾವೇ ದಾರ ಕಟ್ಟಿ ಇಡಬೇಕು. ತಾನಂತೂ ಆ ಸೀಸೆಗಳನ್ನು ಸಾಯುವ ತನಕ ಕೈಯಿಂದ ಮುಟ್ಟುವುದಿಲ್ಲ ಎಂದು ಸಾರಿದಳು. ಆ ಮಾತನ್ನು ನಡೆಸಿಕೊಂಡೂ ಬಂದಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ಚಟ್ಟ ಕಟ್ಟಿ ಮುಗಿಯಿತು. ಜುಗೂಳದಿಂದ ಮಗಳು ಕುಸುಮ ಮತ್ತು ಅಳಿಯ ಬಂದರು. ತಾತ್ಯಾಸಾಹೇಬರ ಜಾಗಕ್ಕೆ ಸರಕಾರಿ ದವಾಖಾನೆಗೆ ಬಂದಿದ್ದ ಡಾಕ್ಟರು ಉತ್ತಮನೂ ಬಂದ. ಹೆಣದ ಕಾಲು ಮುಟ್ಟಿ ನಮಸ್ಕರಿಸಿ ಹೊರಗೆ ಬಂದವನು ಅಭ್ಯಾಸಬಲದಿಂದ ಕಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸೀಸೆಯನ್ನು ನೋಡಿದ.

ಕಾಲೇಜಿನಲ್ಲಿ ಅವನು ಕಲಿತದ್ದು ಕಡಿಮೆಯೇನಲ್ಲ. ಆದರೂ ಗೊಂದಲ ಬಂದಾಗೆಲ್ಲ ಒಂದು ಸೀಸೆ ಹಿಡಿದು ಈ ಕಟ್ಟೆಗೇ ಬರುತ್ತಿದ್ದ. ಇಬ್ಬರೂ ಸೇರಿ ನೋಡಿ, ವಾದ ಮಾಡಿ, ಚಹಾ ಕುಡಿದು ಏಳುತ್ತಿದ್ದರು. ಅವನ ಸೀಸೆಗೂ ದಾರ ಕಟ್ಟಿಸಿಯೇ ಜಿನಮತಿ ಒಳಗೆ ಚಹಾ ಇಡುತ್ತಿದ್ದಳು.

ಈಗ ಸೋನಾಬಾಯಿ ಎದ್ದು ಬಂದಳು. ಯಾರಿಗೂ ಕೇಳಿಸಬಾರದೆಂಬಂತೆ, ತಾನು ಸೀಸೆ ಒಯ್ಯುತ್ತೇನೆ, ಇಂಥ ದಿನ ಬಂದದ್ದು ತಪ್ಪಾಯಿತು ಎಂದಳು. ಹೇಳುತ್ತಿರುವಾಗ ಅವಳ ಕಣ್ಣು ತುಂಬಿತು. ಡಾಕ್ಟರಿಗಾಗಿಯೋ ಎಮ್ಮೆಗಾಗಿಯೋ ಅವಳಿಗೇ ತಿಳಿಯಲಿಲ್ಲ.

ಉತ್ತಮ ಜಿನಮತಿಯ ಕಡೆ ನೋಡಿದ. ಈಗಲೇ ವಸ್ತಿಗೆ ಹೊರಟರೆ ಗುರುವಿನಂಥ ಮನುಷ್ಯನಿಗೆ ಹೆಗಲು ಕೊಡಲಾಗುವುದಿಲ್ಲ. ಸೀಸೆ ಕೂತು ತೀರ್ಮಾನವಾಗದೆ ಹೋಗಿಯೂ ಫಲವಿಲ್ಲ.

“ಕಾಕೂ, ಇನ್ನಷ್ಟ ಹೊತ್ತ ಕೂಡಬೇಕ್ರಿ ಅದು,” ಎಂದ. “ಈಗರೆ ಏನೂ ಹೇಳಾಕ ಬರೂದಿಲ್ಲ.”

“ಹಂಗಾರ ಕೂಡ್ಲಿ. ನೀ ಹೋಗಿ ಅವರಿಗೆ ಹೆಗಲ ಕೊಡು. ನಾ ಇಲ್ಲೇ ಇರತೇನಿ.”

ಸಮಸ್ಯೆ ಬಂದದ್ದು ಹೆಣ ಎತ್ತುವಾಗ. ಮುಂಬಾಗಿಲು ದಾಟಿದರೆ ಕಟ್ಟೆ, ಕಟ್ಟೆ ಇಳಿಯಲು ಇರುವುದು ಒಂದೇ ಮೆಟ್ಟಿಲು, ಮೆಟ್ಟಿಲಿನ ಪಕ್ಕದಲ್ಲೇ ಸೀಸೆ. ಕಟ್ಟೆಗೆ ಹಾಸಿದ್ದು ಹಳೆಯ ಫರಸಿ ಕಲ್ಲು, ಒಬ್ಬ ಜೋರಾಗಿ ಹೆಜ್ಜೆ ಇಟ್ಟರೂ ಅಲುಗುತ್ತಿತ್ತು. ಅಷ್ಟು ಜನ ಹೊತ್ತುಕೊಂಡು ಇಳಿದರೆ ಬೆಳಗಿನಿಂದ ಕೂತದ್ದೆಲ್ಲ ಕದಡಿಹೋಗುವುದು. ಎತ್ತಿ ಬೇರೆಡೆ ಇಟ್ಟರೂ ಅದೇ.

“ದನದ ಮನಿಕಡೆ ಬಾಗಲಿಂದ ಒಯ್ಯರಿ,” ಎಂದಳು ಜಿನಮತಿ.

ಮನೆಯ ಯಜಮಾನನ ಹೆಣವನ್ನು ಪಕ್ಕದ ಬಾಗಿಲಿನಿಂದ, ಅದೂ ಸಗಣಿ ಗಂಜಳದ ಓಣಿಯಿಂದ ಒಯ್ದ ಉದಾಹರಣೆ ಇರಲಿಲ್ಲ. ಬಾಳಾಸಾಬನ ಮುಖ ಕೆಂಪಗಾಯಿತು. ಒಂದು ಎಮ್ಮೆಯ ಉಚ್ಚೆಗಾಗಿ ಚೌಗಲಾ ಮನೆತನದ ಮನುಷ್ಯ ಹಿತ್ತಲಿನಿಂದ ಹೋಗಬೇಕೇ, ನಾಳೆ ಊರು ಏನೆಂದೀತು ಎಂದು ದನಿ ಏರಿಸಿದ.

ಜಿನಮತಿ ಅಣ್ಣನ ಕೈ ಹಿಡಿದುಕೊಂಡಳು.

“ಅವರ ಎಂದ ಮುಂದಿನ ಬಾಗಲಿಂದ ಹೊಂಟಿದ್ರು, ಅಣ್ಣಾ? ನಲವತ್ತ ವರ್ಷ ನೋಡೇನಿ. ದನದ ಮನ್ಯಾಗಿಂದ ಹೊರಡೂದ ಅವರ ರೂಢಿ.”

ಬಾಳಾಸಾಬ ಸೀಸೆಯನ್ನು ನೋಡಿದ, ಒಳಗೆ ಮಲಗಿಸಿದ ತಂಗಿಯ ಗಂಡನನ್ನು ನೋಡಿದ. ಅವನಿಗೆ ಆ ಒಂದೂವರೆ ಗುಟುಕು ನೆನಪಾಗಿರಬೇಕು. ಮೂಗು ಒರೆಸಿಕೊಂಡು, ಹಿಂದಿನ ಬಾಗಿಲು ತೆರೆಯಲು ತಾನೇ ಹೋದ. ದನ ಮೇಯುವ ಗ್ವಾದಲಿಯ ಪಕ್ಕದಲ್ಲಿ, ತಾತ್ಯಾಸಾಹೇಬರು ಸಾವಿರಾರು ದನಗಳ ಬೆನ್ನು ಸವರಿದ ಓಣಿಯಲ್ಲಿ, ಅವರನ್ನು ಹೊತ್ತುಕೊಂಡು ಹೋದರು. ಹೊರುವವರಲ್ಲಿ ಉತ್ತಮ ಇದ್ದ. ಕಟ್ಟೆಯ ಮೇಲಿನ ಸೀಸೆ ಅಲುಗಲಿಲ್ಲ.

*

ಹಿಂದಿನ ವರ್ಷದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಕಟ್ಟೆಯ ಮೇಲೆ ದಾರವಿಲ್ಲದ ಸೀಸೆ ಕಂಡು ಜಿನಮತಿ ರೇಗಿದ್ದಳು. ತಾತ್ಯಾಸಾಹೇಬರು ಮಾತಾಡದೆ ಅದರಿಂದ ಸ್ವಲ್ಪವನ್ನು ಗಾಜಿನ ನಳಿಗೆಗೆ ಸುರಿದು ಸ್ಪಿರಿಟ್ ದೀಪದ ಮೇಲೆ ಹಿಡಿದರು. ಕುದಿ ಬಂದಾಗ ಮೇಲ್ಭಾಗ ಹಾಲು ಒಡೆದಂತೆ ಬೆಳ್ಳಗಾಯಿತು. ಅವರು ಒಂದೆರಡು ಹನಿ ಆಮ್ಲ ಹಾಕಿ ನೋಡಿದರು. ಬಿಳುಪು ಹೋಗಲಿಲ್ಲ. ಹಾಗೆ ಬೆಳ್ಳಗಾದರೆ ಕಿಡ್ನಿ ಹಿಡಿದಿಡಬೇಕಾದದ್ದನ್ನು ಸೋರಬಿಡುತ್ತಿದೆ ಎಂದು ಅರ್ಥ. ಅಷ್ಟು ಮಾತು ಕಟ್ಟೆಯಿಂದ ಅಡುಗೆಮನೆಗೆ ಕೇಳಿ ಕೇಳಿ ಜಿನಮತಿಗೂ ಗೊತ್ತಿತ್ತು.

“ಯಾರ ಎತ್ತಿಂದ್ರಿ?” ಎಂದಳು.

“ನಮ್ಮ ಮನೀದ.”

“ನಮ್ಮ ಮನ್ಯಾಗ ಎತ್ತೆಲ್ಲಿ ಅದಾವ್ರಿ?”

ತಾತ್ಯಾಸಾಹೇಬರು ಆಕೆಯ ಕಡೆ ತಿರುಗಿ ನಕ್ಕರು. “ಒಂದ ಐತಲ್ಲ, ಜಿನೂ. ನಲವತ್ತ ವರ್ಷ ನಿನ್ನ ಗ್ವಾದಲ್ಯಾಗ ಮೇದದ್ದು.”

ಆಗಲೇ ಆಕೆ ಅವರ ಊದಿದ ಪಾದಗಳನ್ನು ನೋಡಿದ್ದು. ಇಷ್ಟು ದಿನ ಚಪ್ಪಲಿ ಬಿಗಿ ಎಂದು ಗೊಣಗುತ್ತಿದ್ದವರು ಯಾಕೆ ಗೊಣಗುತ್ತಿದ್ದರು ಎಂದು ತಿಳಿಯಿತು.

ಮಿರಜದ ಡಾಕ್ಟರು ಉಪ್ಪು ಬಿಡಲು ಹೇಳಿದರು. ಜಿನಮತಿ ಮನೆಯ ಅಡುಗೆಯಿಂದಲೇ ಉಪ್ಪನ್ನು ಓಡಿಸಿದಳು. ತನಗೆ ಬೇರೆ ಮಾಡಿಕೊಳ್ಳಲಿಲ್ಲ. ಇಬ್ಬರೂ ಎದುರುಬದುರು ಕೂತು ಸಪ್ಪೆ ಪಲ್ಯದ ಜೊತೆ ರೊಟ್ಟಿ ತಿಂದರು. ದನಕ್ಕಾದರೂ ನೆಕ್ಕಲು ಉಪ್ಪು ಕೊಡುತ್ತಾರೆ ಎಂದು ಅವರು ಛೇಡಿಸುತ್ತಿದ್ದರು. ಆಕೆ ನಗುತ್ತಿದ್ದಳು, ನಕ್ಕು ಅಡುಗೆಮನೆಗೆ ಹೋಗಿ ಅಳುತ್ತಿದ್ದಳು. ಕಟ್ಟೆಯ ಸೀಸೆಗಳ ಬಗ್ಗೆ ಆ ದಿನದಿಂದ ಒಮ್ಮೆಯೂ ಬೈಯಲಿಲ್ಲ.

*

ಗಂಡಸರು ಹೊಳೆಗೆ ಹೋದ ಮೇಲೆ ಮನೆ ಬರಿದಾಯಿತು. ಕುಸುಮ ಒಳಗೆ ನೆಲ ತೊಳೆಯುತ್ತಿದ್ದಳು. ಜಿನಮತಿ ಕಟ್ಟೆಗೆ ಬಂದು ಸೀಸೆಯಿಂದ ಒಂದು ಮೊಳ ದೂರದಲ್ಲಿ ಕೂತಳು. ಸೋನಾಬಾಯಿ ಮರದ ಕೆಳಗೇ ಇದ್ದಳು.

“ಅಲ್ಯಾಕ ಕುಂತಿ? ಮ್ಯಾಲ ಬಾ.”

“ಇರಲಿ ಬಿಡ್ರಿ ಅಕ್ಕಾರ.”

“ಅವರ ಇದ್ದಾಗ ಇಲ್ಲೇ ಕೂಡತಿದ್ದಿಲ್ಲ? ಬಾ.”

ಸೋನಾಬಾಯಿ ಬಂದು ಮೆಲ್ಲಗೆ ಕೂತಳು. ಕಟ್ಟೆ ಅಲುಗಬಾರದಲ್ಲ. ಆಮೇಲೆ ಇಬ್ಬರೂ ಸೀಸೆಯನ್ನೇ ನೋಡುತ್ತ ಕೂತರು. ಎಮ್ಮೆ ಸಾಧುವೇ, ಕರು ಹೆಣ್ಣೋ ಗಂಡೋ ಎಂದು ಜಿನಮತಿ ಕೇಳಿದಳು. ಹೆಣ್ಣು ಎಂದಳು ಸೋನಾಬಾಯಿ. ಹಿಂದಿನ ಎಮ್ಮೆ ಸತ್ತಾಗ ಡಾಕ್ಟರು ವಸ್ತಿಗೇ ಬಂದು ತನ್ನ ಜೊತೆ ನೆಲದ ಮೇಲೆ ಕೂತಿದ್ದರು, ಒಂದು ಮಾತೂ ಆಡದೆ ಕೂತಿದ್ದರು ಎಂದು ಹೇಳಿ ಅತ್ತಳು. ಆಗ ಜಿನಮತಿಯೂ ಅತ್ತಳು. ಬೆಳಗಿನಿಂದ ಬಾರದ ಅಳು ಈಗ ಬಂತು. ಸೋನಾಬಾಯಿ ಆಕೆಯ ಬೆನ್ನು ಸವರುತ್ತ ಕೂತಳು. ಬಿಸಿಲು ಓರೆಯಾಗಿ ಸೀಸೆಯ ಮೇಲೆ ಬಿತ್ತು.

ಹೊಳೆಯಿಂದ ಮಿಂದು ಒದ್ದೆ ಬಟ್ಟೆಯಲ್ಲೇ ಬಂದವರಲ್ಲಿ ಉತ್ತಮ ಎಲ್ಲರಿಗಿಂತ ಮುಂದಿದ್ದ. ನೇರವಾಗಿ ಕಟ್ಟೆಯ ಮುಂದೆ ಕುಕ್ಕರಿಸಿ ಸೀಸೆಯ ತಳಕ್ಕೆ ಕಣ್ಣು ಹಚ್ಚಿದ. ತಳದಲ್ಲಿ ಏನೂ ಇಳಿದಿರಲಿಲ್ಲ. ಮೇಲೆಯೂ ತಿಳಿಯಾಗಿರಲಿಲ್ಲ. ಕುತ್ತಿಗೆಯಿಂದ ತಳದವರೆಗೆ ಒಂದೇ ಕೆಂಪು. ಅವನು ತಲೆ ಎತ್ತಿ ಬಾಗಿಲೊಳಗೆ ಕಾಣುವ ತಾತ್ಯಾಸಾಹೇಬರ ಖಾಲಿ ಕುರ್ಚಿಯ ಕಡೆ ನೋಡಿದ. ಹೌದೆನ್ನಲು ಅಲ್ಲಿ ಯಾರೂ ಇರಲಿಲ್ಲ. ತಪ್ಪಿದರೆ ಹೋಗುವುದು ಈ ಹೆಂಗಸಿನ ಎಮ್ಮೆ.

ಅವನು ಅವಸರ ಮಾಡಲಿಲ್ಲ. ಒದ್ದೆ ಧೋತರದಲ್ಲೇ ಸೋನಾಬಾಯಿಯ ಪಕ್ಕ ಕಟ್ಟೆಯ ಮೇಲೆ ಕೂತ.

“ಏನ ಹಾಕತಿ ಅದಕ್ಕ ಮೇಯಾಕ?” ಎಂದ.

ಕಬ್ಬಿನ ಸುಗ್ಗಿ, ಬರೀ ಸೋಗೆ ಎಂದಳು ಅವಳು. ಹಿಂಡಿ ಹಾಕಲು ಆಗಿರಲಿಲ್ಲ. ಹೊಯ್ಯುವಾಗ ಬೆನ್ನು ಬಾಗಿಸುವುದಿಲ್ಲ, ಜ್ವರ ಇಲ್ಲ, ಬರೀ ಸೋತಿದೆ ಎಂದಳು. ಉತ್ತಮ ಎಲ್ಲವನ್ನೂ ಕೇಳಿಸಿಕೊಂಡು ಜಿನಮತಿಯ ಕಡೆ ನೋಡಿದ.

“ಕಿಡ್ನಿ ಅಲ್ಲ ಅನಸತೈತ್ರಿ, ಕಾಕೂ.”

ಜಿನಮತಿ ಕಣ್ಣು ಮುಚ್ಚಿ ತೆರೆದಳು. ಒಂದು ವರ್ಷದಿಂದ ಮಿರಜದ ಒಬ್ಬೊಬ್ಬ ಡಾಕ್ಟರ ಬಾಯಿಂದಲೂ ಆಕೆ ಕೇಳಬೇಕೆಂದು ಕಾದದ್ದು ಆ ಒಂದು ಮಾತನ್ನು.

“ಹಂಗಾರ ಉಳೀತೈತಿ,” ಎಂದಳು ಸೋನಾಬಾಯಿಯ ಕೈ ಒತ್ತಿ. “ಲಗೂನ ಹೋಗ್ರಿ.”

ಒಣ ಬಟ್ಟೆ ಉಟ್ಟು ಹೋಗು ಎಂದು ಬಾಳಾಸಾಬ ತನ್ನ ಚೀಲದಿಂದ ಹೊಸ ಧೋತರವನ್ನೇ ತೆಗೆದು ಕೊಟ್ಟ. ಉತ್ತಮ ದವಾಖಾನೆಯಿಂದ ರಂಜಕದ ಔಷಧ, ಸೂಜಿ ತೆಗೆದುಕೊಂಡು ಸೋನಾಬಾಯಿಯನ್ನು ಮೋಟಾರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟ. ವಸ್ತಿಗೆ ಹೋಗಿ ಮೊದಲು ಎಮ್ಮೆಯ ಗುದದೊಳಗೆ ಕೈ ಹಾಕಿ ಎಡಗಡೆಯ ಕಿಡ್ನಿಯನ್ನು ಮುಟ್ಟಿ ನೋಡಿದ. ದ್ರಾಕ್ಷಿಯ ಗೊಂಚಲಿನ ಹಾಗೆ ಗಂಟುಗಂಟಾಗಿ, ಇರಬೇಕಾದ ಹಾಗೆಯೇ ಇತ್ತು. ಒತ್ತಿದರೂ ಎಮ್ಮೆ ಬೆನ್ನು ಬಾಗಿಸಲಿಲ್ಲ. ಆಮೇಲೆ ಹೊತ್ತು ಮುಳುಗುವವರೆಗೆ ಕೂತು ಔಷಧವನ್ನು ಮೆಲ್ಲಗೆ ನರಕ್ಕೆ ಬಿಟ್ಟ.

*

ಮೂರನೆಯ ದಿನ ಬೆಳಗ್ಗೆ, ಚಿತೆಯ ಬೂದಿ ತುಂಬಲು ಗಂಡಸರು ಹೊಳೆಗೆ ಹೊರಡುವ ಮೊದಲೇ ಜಿನಮತಿ ಎದ್ದು ಬಾಗಿಲು ತೆರೆದಳು. ಕಟ್ಟೆಯ ಮೇಲೆ ಒಂದು ಸೀಸೆ ಇತ್ತು. ಕುತ್ತಿಗೆಗೆ ಕರಿದಾರ. ತಂದಿಟ್ಟವರು ಎಬ್ಬಿಸಬಾರದೆಂದು ಆಗಲೇ ಹೋಗಿಬಿಟ್ಟಿದ್ದರು. ದೂರದಲ್ಲಿ, ಬಸದಿಯ ತಿರುವಿನಲ್ಲಿ, ಸೋನಾಬಾಯಿಯ ಬೆನ್ನು ಕಾಣಿಸಿ ಮರೆಯಾಯಿತು.

ಮಬ್ಬಿನಲ್ಲಿ ಬಣ್ಣ ತಿಳಿಯಲಿಲ್ಲ. ಜಿನಮತಿ ಬಗ್ಗಿ ಬರಿಗೈಯಿಂದ ಸೀಸೆಯನ್ನು ಎತ್ತಿಕೊಂಡಳು. ಅದಿನ್ನೂ ಬೆಚ್ಚಗಿತ್ತು. ಅವರು ಹಿಡಿಯುತ್ತಿದ್ದ ಹಾಗೆಯೇ ತಳವನ್ನು ಬೆರಳಲ್ಲಿ ಹಿಡಿದು ಮೂಡಲ ಕಡೆಗೆ ಎತ್ತಿದಳು. ಕೆಂಪಿನ ಸುಳಿವೇ ಇರಲಿಲ್ಲ. ಎಳೆಬಿಸಿಲಿನ ಬಣ್ಣದ ತಿಳಿನೀರು. ಅದರೊಳಗಿಂದ ಎದುರಿನ ಬೇವಿನ ಮರ ಕಾಣುತ್ತಿತ್ತು.

ಆಕೆ ಸರ್ರನೆ ಒಳಗೆ ತಿರುಗಿದಳು.

“ರೀ, ಇಲ್ಲಿ ನೋಡ್ರಿ...”

ಹೊಸ್ತಿಲಿನ ಮೇಲೆ ಒಂದು ಕಾಲು ಇಟ್ಟು ನಿಂತಳು. ಒಳಗೆ ಅವರ ಕುರ್ಚಿಯ ಮೇಲೆ ಇಟ್ಟ ಹಣತೆ ಉರಿಯುತ್ತಿತ್ತು. ಜಿನಮತಿ ಸೀಸೆಯನ್ನು ಆ ಬೆಳಕಿಗೆ ಎತ್ತಿ ಹಿಡಿದು, ಅಲುಗಿಸದೆ, ಹಾಗೆಯೇ ನಿಂತಿದ್ದಳು.